ಸಂಧಿವಾತವೂ ಉಪವಾಸವೂ: ಹೊಸ ಸಂಶೋಧನೆಗಳ ಬೆಳಕಿನಲ್ಲಿ ಒಂದು ವಿಚಾರ

ಭಾದ್ರಪದ ಮಾಸದ ದಶಲಕ್ಷಣ ಪರ್ವವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ವ್ರತನಿಯಮಗಳ ಸಂಕಲ್ಪ ಆರಂಭವಾಗುತ್ತದೆ. ಒಬ್ಬರು ಹತ್ತು ದಿನವೂ ಏಕಾಶನ ಮಾಡುವೆನೆನ್ನುತ್ತಾರೆ. ಮತ್ತೊಬ್ಬರು ಅನಂತ ಚತುರ್ದಶಿಯಂದು ನಿರ್ಜಲ ಉಪವಾಸದ ನಿಯಮ ಹಿಡಿಯುತ್ತಾರೆ. ಇವರಲ್ಲಿ ಕೈಬೆರಳು, ಮಣಿಕಟ್ಟು, ಮೊಣಕಾಲುಗಳ ಬಾಧೆಗಾಗಿ ನಿತ್ಯವೋ ವಾರಕ್ಕೊಮ್ಮೆಯೋ ಔಷಧ ಸೇವಿಸುವವರೂ ಇರುತ್ತಾರೆ. ಉಪವಾಸದ ದಿನಗಳಲ್ಲಿ ಅವರ ನೋವು ತಗ್ಗುವುದುಂಟು. ಆಗ “ಉಪವಾಸದಿಂದಲೇ ಗುಣವಾಯಿತು, ಇನ್ನು ಔಷಧವೇಕೆ?” ಎಂಬ ಭಾವನೆ ಹುಟ್ಟುವುದು ಸಹಜ. ಈ ಭಾವನೆಯಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ವೈದ್ಯಶಾಸ್ತ್ರದ ಇತ್ತೀಚಿನ ಸಂಶೋಧನೆಗಳ ಆಧಾರದಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧. ಹೆಸರು ಒಂದು, ರೋಗಗಳು ಹಲವು

ಕೀಲು ನೋಯುವ ರೋಗಗಳೆಲ್ಲವನ್ನೂ ನಾವು ‘ವಾತ’ವೆಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಆದರೆ ಇವುಗಳ ಕಾರಣ ಬೇರೆ, ಚಿಕಿತ್ಸೆ ಬೇರೆ; ಆದುದರಿಂದ ಮೊದಲು ಇವುಗಳ ಭೇದವನ್ನು ಅರಿಯಬೇಕು.

ವಯಸ್ಸಾದವರ ಮೊಣಕಾಲನ್ನು ಕಾಡುವುದು ಸಾಮಾನ್ಯವಾಗಿ ಕೀಲಿನ ಸವೆತ. ಇದರಲ್ಲಿ ಮೂಳೆಯ ತುದಿಯನ್ನು ಹೊದೆದಿರುವ ಮೃದ್ವಸ್ಥಿಯು ಕ್ರಮೇಣ ಕ್ಷೀಣಿಸುತ್ತದೆ. ನಡೆದಾಗ ನೋವು ಹೆಚ್ಚು, ವಿಶ್ರಾಂತಿಯಲ್ಲಿ ಕಡಿಮೆ.

ಎರಡನೆಯದು ರುಮಟಾಯ್ಡ್ ಸಂಧಿವಾತ. ಇದು ಯಾವ ವಯಸ್ಸಿನಲ್ಲಿಯೂ ಬರಬಹುದು. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಗಳ ಬೆರಳಿನ ಗೆಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಸಮನಾಗಿ ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಕೈ ಬಿಗಿದಿದ್ದು, ಆ ಬಿಗಿತವು ಅರ್ಧ ಗಂಟೆಗೂ ಮೀರಿ ನಿಲ್ಲುತ್ತದೆ. ಕೆಲಸ ಮಾಡುತ್ತಾ ಹೋದಂತೆ ಸಡಿಲುತ್ತದೆ. ಈ ಲೇಖನದಲ್ಲಿ ಮುಖ್ಯವಾಗಿ ವಿಚಾರಿಸುವುದು ಈ ರೋಗವನ್ನೇ.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿ, ಅದರ ಸೂಕ್ಷ್ಮ ಹರಳುಗಳು ಕೀಲಿನಲ್ಲಿ ನೆಲೆಸಿ, ಒಮ್ಮಿಂದೊಮ್ಮೆಗೆ ಬಹುಶಃ ಕಾಲಿನ ಹೆಬ್ಬೆರಳಿನಲ್ಲಿ ಸಹಿಸಲಾಗದ ನೋವನ್ನುಂಟುಮಾಡುತ್ತವೆ. ನಾಲ್ಕನೆಯದು ಮಕ್ಕಳ ವಾತಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಗಂಟಲು ಕೆಟ್ಟ ಕೆಲವು ವಾರಗಳ ಮೇಲೆ ಕೀಲು ನೋವಿನೊಡನೆ ಇದು ತೋರುತ್ತದೆ. ಕೀಲಿನ ನೋವು ಹೋದರೂ ಹೃದಯದ ಕವಾಟಗಳಿಗೆ ಶಾಶ್ವತ ಹಾನಿ ಉಳಿಯಬಹುದು. ಇದನ್ನು ತಡೆಯಲು ಮೂರು ನಾಲ್ಕು ವಾರಗಳಿಗೊಮ್ಮೆ ವರ್ಷಗಟ್ಟಲೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ಯಾವ ಕಾರಣಕ್ಕೂ ಮುಂದೂಡಬಾರದು.

ಇವುಗಳಲ್ಲಿ ತಮಗಿರುವುದು ಯಾವುದು ಎಂಬುದನ್ನು ವೈದ್ಯರ ಪರೀಕ್ಷೆಯಿಂದ ನಿಶ್ಚಯಿಸಿಕೊಳ್ಳದೆ, ನೆರೆಮನೆಯವರಿಗೆ ಗುಣವಾದ ಮದ್ದನ್ನು ತಾವೂ ಸೇವಿಸುವುದು ಹಿತವಲ್ಲ.

೨. ರೋಗದ ಮೂಲ

ಹೊರಗಿನಿಂದ ಬರುವ ಸೂಕ್ಷ್ಮಜೀವಿಗಳನ್ನು ಎದುರಿಸಲು ಶರೀರದಲ್ಲಿ ಒಂದು ರಕ್ಷಣಾ ವ್ಯವಸ್ಥೆಯಿದೆ. ರುಮಟಾಯ್ಡ್ ಸಂಧಿವಾತದಲ್ಲಿ ಆ ವ್ಯವಸ್ಥೆಯು ತನ್ನದಾವುದು, ಪರರದಾವುದು ಎಂಬ ವಿವೇಕವನ್ನು ಕಳೆದುಕೊಂಡು ಕೀಲಿನ ಒಳಪೊರೆಯನ್ನೇ ಪೀಡಿಸುತ್ತದೆ. ಆ ಪೊರೆಯು ಊದಿ, ದಪ್ಪನಾಗಿ, ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಹೀಗೆ ಕೊರೆದುಹೋದ ಮೂಳೆಯು ಮೊದಲಿನಂತಾಗುವುದಿಲ್ಲ. ಬೆರಳುಗಳು ಸೊಟ್ಟಗಾಗುವುದು ಈ ಕಾರಣದಿಂದ.

ಇದರ ಬೀಜ ಎಲ್ಲಿದೆ ಎಂಬುದರ ಮೇಲೆ ಕಳೆದ ಕೆಲವು ದಶಕಗಳಲ್ಲಿ ಬಹಳ ಬೆಳಕು ಬಿದ್ದಿದೆ. ಶರೀರದ ಕೆಲವು ಪ್ರೋಟೀನುಗಳಲ್ಲಿರುವ ಆರ್ಜಿನೈನ್ ಎಂಬ ಅಂಶವು ಸಿಟ್ರುಲಿನ್ ಎಂಬುದಾಗಿ ಮಾರ್ಪಟ್ಟಾಗ, ರಕ್ಷಣಾ ವ್ಯವಸ್ಥೆಯು ಅದನ್ನು ಅನ್ಯವೆಂದು ಭ್ರಮಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ‘ಆಂಟಿ ಸಿ.ಸಿ.ಪಿ.’ ಎಂದು ಬರೆದಿರುವುದು ಇವುಗಳನ್ನೇ ಕುರಿತು. ೨೦೦೩ ಮತ್ತು ೨೦೦೪ರಲ್ಲಿ ಸ್ವೀಡನ್ ಮತ್ತು ನೆದರ್‌ಲೆಂಡ್ಸ್ ದೇಶಗಳ ಸಂಶೋಧಕರು, ಮುಂದೆ ಈ ರೋಗಕ್ಕೆ ತುತ್ತಾದವರು ಹಿಂದೆ ಎಂದೋ ದಾನ ಮಾಡಿದ್ದ ರಕ್ತದ ಶೇಖರಣೆಯನ್ನು ಪರೀಕ್ಷಿಸಿದರು. ಕೀಲು ನೋಯುವುದಕ್ಕೆ ಹಲವು ವರ್ಷ ಮೊದಲೇ ಅನೇಕರ ರಕ್ತದಲ್ಲಿ ಈ ಪ್ರತಿಕಾಯಗಳು ಇದ್ದುವು! ವಂಶದಿಂದ ಬಂದ ಕೆಲವು ಗುಣಾಣುಗಳು ಈ ರೋಗಕ್ಕೆ ದಾರಿ ಮಾಡಿಕೊಡುತ್ತವೆ. ಅಂತಹವರು ಧೂಮಪಾನವನ್ನೂ ಮಾಡಿದರೆ ಅಪಾಯವು ಬಹುಪಾಲು ಹೆಚ್ಚುತ್ತದೆ. ವ್ಯಸನತ್ಯಾಗಕ್ಕೆ ವೈದ್ಯಶಾಸ್ತ್ರವು ಒದಗಿಸಿರುವ ಇನ್ನೊಂದು ಪ್ರಮಾಣವಿದು.

೩. ಚಿಕಿತ್ಸೆ ನಡೆದುಬಂದ ದಾರಿ

ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿದ್ದ ಫಿಲಿಪ್ ಹೆಂಚ್ ಎಂಬ ವೈದ್ಯರು, ಕಾಮಾಲೆಯಾದಾಗಲೂ ಗರ್ಭಧಾರಣೆಯ ಕಾಲದಲ್ಲಿಯೂ ಕೆಲವರ ಸಂಧಿವಾತ ತಾನಾಗಿ ಶಮನವಾಗುವುದನ್ನು ಗಮನಿಸಿದರು. ಶರೀರದಲ್ಲೇ ಹುಟ್ಟುವ ಯಾವುದೋ ವಸ್ತು ಇದಕ್ಕೆ ಕಾರಣವಿರಬೇಕೆಂಬ ಈ ಎಳೆಯನ್ನು ಹಿಡಿದು ಹೋದ ಅವರು ೧೯೪೮ರಲ್ಲಿ ರೋಗಿಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಹಾಸಿಗೆ ಹಿಡಿದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. ಈ ಕಾರ್ಯಕ್ಕಾಗಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಎಂಬ ಮೂವರಿಗೆ ೧೯೫೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ದೀರ್ಘಕಾಲ ಸೇವಿಸಿದರೆ ಮೂಳೆ ಶಿಥಿಲವಾಗುವುದು, ರಕ್ತದೊತ್ತಡ ಮತ್ತು ಸಕ್ಕರೆ ಏರುವುದು ಮುಂತಾದ ದೋಷಗಳು ಬೇಗನೆ ಕಂಡುಬಂದುವು. ಈ ಸ್ಟಿರಾಯ್ಡ್ ವರ್ಗದ ಔಷಧಗಳನ್ನು ಇಂದು ಅಲ್ಪ ಪ್ರಮಾಣದಲ್ಲಿ, ಅಲ್ಪಕಾಲಕ್ಕೆ ಬಳಸುವುದೇ ಪದ್ಧತಿ.

ಇಂದು ಈ ರೋಗದ ಚಿಕಿತ್ಸೆಗೆ ಅಡಿಗಲ್ಲಾಗಿರುವುದು ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನಾ ನಿರ್ದೇಶಕರಾಗಿದ್ದಾಗ, ೧೯೪೦ರ ದಶಕದಲ್ಲಿ, ರಕ್ತದ ಕ್ಯಾನ್ಸರಿಗಾಗಿ ಇದು ರೂಪುಗೊಂಡಿತು. ಅತ್ಯಲ್ಪ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ ಕೊಟ್ಟರೆ ಅದು ಸಂಧಿವಾತವನ್ನು ಹತೋಟಿಗೆ ತರುತ್ತದೆ ಎಂಬುದು ೧೯೮೦ರ ದಶಕದ ಪ್ರಯೋಗಗಳಿಂದ ದೃಢವಾಗಿ, ೧೯೮೮ರಲ್ಲಿ ಅಮೆರಿಕದಲ್ಲಿ ಈ ಉಪಯೋಗಕ್ಕೆ ಮಾನ್ಯತೆ ದೊರೆಯಿತು. ಇದು ನೋವು ನುಂಗುವ ಮಾತ್ರೆಯಲ್ಲ. ರೋಗದ ಗತಿಯನ್ನೇ ಬದಲಿಸುವ ಔಷಧ. ಇದರ ಗುಣ ಕಾಣಲು ಆರರಿಂದ ಹನ್ನೆರಡು ವಾರಗಳು ಬೇಕು. ಈ ಸಂಗತಿಯನ್ನು ತಿಳಿಯದೆ ಹದಿನೈದು ದಿನಗಳಲ್ಲೇ ನಿರಾಶರಾಗಿ ಬಿಟ್ಟುಬಿಡುವವರುಂಟು.

ಮುಂದಿನ ಹೆಜ್ಜೆ ಲಂಡನ್ನಿನಲ್ಲಿ ನಡೆಯಿತು. ಮಾರ್ಕ್ ಫೆಲ್ಡ್‌ಮನ್ ಹಾಗೂ ಲುಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿ ಅವರು, ಕೀಲಿನ ಉರಿಯೂತಕ್ಕೆ ಕಾರಣವಾದ ಅನೇಕ ವಸ್ತುಗಳಲ್ಲಿ ಟಿ.ಎನ್.ಎಫ್. ಎಂಬುದು ಮುಖ್ಯವೆಂದು ಕಂಡುಕೊಂಡು, ಅದನ್ನು ತಡೆಯುವ ಔಷಧವನ್ನು ೧೯೯೨ರಲ್ಲಿ ಮೊದಲ ಬಾರಿ ರೋಗಿಗಳಿಗೆ ಕೊಟ್ಟರು. ಈ ವರ್ಗದ ಚುಚ್ಚುಮದ್ದುಗಳು ೧೯೯೮ರಿಂದ ಬಳಕೆಗೆ ಬಂದುವು. ಕೆಲವರಲ್ಲಿ ಇವು ಅಡಗಿರುವ ಕ್ಷಯರೋಗವನ್ನು ಕೆರಳಿಸುತ್ತವೆಂಬುದು ೨೦೦೧ರ ಹೊತ್ತಿಗೆ ತಿಳಿದುಬಂದಿತು. ಆದುದರಿಂದ ಕ್ಷಯವು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದರ ಪರೀಕ್ಷೆ ಮಾಡದೆ ಇವನ್ನು ಕೊಡಬಾರದು. ಬಾಯಿಯ ಮೂಲಕ ಸೇವಿಸುವ ಟೊಫಾಸಿಟಿನಿಬ್ ಎಂಬ ಗುಳಿಗೆಯು ೨೦೧೨ರಲ್ಲಿ ಬಂದಿತು. ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ ಮತ್ತು ಹೃದ್ರೋಗದ ಸಂಭವವುಳ್ಳವರಲ್ಲಿ ಇದನ್ನು ಎಚ್ಚರದಿಂದ ಬಳಸಬೇಕೆಂದು ೨೦೨೧ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಕೆ ನೀಡಿತು.

ಬೆಲೆಬಾಳುವ ಔಷಧವೇ ಶ್ರೇಷ್ಠವೆಂದು ಭಾವಿಸಬೇಕಾಗಿಲ್ಲ. ಮೆಥೊಟ್ರೆಕ್ಸೇಟ್ ಒಂದರಿಂದಲೇ ಗುಣ ಕಾಣದ ೩೫೩ ರೋಗಿಗಳ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅದರೊಡನೆ ಸಲ್ಫಾಸಲಜೈನ್ ಮತ್ತು ಹೈಡ್ರಾಕ್ಸಿಕ್ಲೊರೊಕ್ವಿನ್ ಎಂಬ ಎರಡು ಅಗ್ಗದ ಗುಳಿಗೆಗಳನ್ನು ಸೇರಿಸಿ ಕೊಟ್ಟ ಚಿಕಿತ್ಸೆಯು, ದುಬಾರಿ ಚುಚ್ಚುಮದ್ದನ್ನು ಸೇರಿಸಿದ ಚಿಕಿತ್ಸೆಗೆ ಕಡಿಮೆಯಿಲ್ಲವೆಂದು ತಿಳಿದುಬಂದಿತು. ಮಧ್ಯಮ ವರ್ಗದ ಕುಟುಂಬಗಳಿಗೆ ಇದು ನೆಮ್ಮದಿಯ ವಾರ್ತೆ.

ಅಹಿಂಸಾಣುವ್ರತಿಗಳ ಮನಸ್ಸಿನಲ್ಲಿ ಏಳುವ ಒಂದು ಪ್ರಶ್ನೆಯನ್ನೂ ಇಲ್ಲಿ ಹೇಳಬೇಕು. ಮೇಲೆ ಹೇಳಿದ ಚುಚ್ಚುಮದ್ದುಗಳಲ್ಲಿ ಹಲವು, ಹ್ಯಾಮ್‌ಸ್ಟರ್ ಎಂಬ ಇಲಿಯ ಜಾತಿಯ ಪ್ರಾಣಿಯಿಂದ ೧೯೫೦ರ ದಶಕದಲ್ಲಿ ಪಡೆದು, ಅಲ್ಲಿಂದ ಇಲ್ಲಿಯವರೆಗೆ ಪ್ರಯೋಗಾಲಯದಲ್ಲಿ ಬೆಳೆಸಿಕೊಂಡು ಬಂದ ಜೀವಕೋಶಗಳಲ್ಲಿ ತಯಾರಾಗುತ್ತವೆ. ಕೆಲವು ಔಷಧಗಳ ಕ್ಯಾಪ್ಸೂಲಿನ ಹೊದಿಕೆಯು ಪ್ರಾಣಿಜನ್ಯ ಜೆಲಾಟಿನ್ನಿನದು. ಇಂತಹ ಕಡೆ ಅದೇ ಔಷಧದ ಗುಳಿಗೆ ಇದೆಯೇ ಎಂದು ವೈದ್ಯರನ್ನು ಕೇಳಬಹುದು. ವಿಷಯವನ್ನು ತಿಳಿದು, ಗುರುಗಳೊಡನೆ ವಿಚಾರಿಸಿ ನಿರ್ಧರಿಸುವುದು ಉಚಿತ. ತಿಳಿಯದೆ ಅರ್ಧದಲ್ಲಿ ಬಿಡುವುದು ಅನುಚಿತ.

೪. ಕಾಲವೇ ಮುಖ್ಯ

ಈ ಎಲ್ಲ ಔಷಧಗಳಿಗಿಂತಲೂ ದೊಡ್ಡ ತಿಳಿವಳಿಕೆಯೊಂದಿದೆ. ಮೂಳೆಯ ಹಾನಿಯು ರೋಗದ ಮೊದಲ ಒಂದೆರಡು ವರ್ಷಗಳಲ್ಲೇ ಆರಂಭವಾಗುತ್ತದೆ. ಆದುದರಿಂದ ಲಕ್ಷಣ ತೋರಿದ ಮೊದಲ ಕೆಲವು ತಿಂಗಳುಗಳಲ್ಲೇ ಚಿಕಿತ್ಸೆ ತೊಡಗಿದವರ ಗತಿ ಬೇರೆ, ತಡಮಾಡಿದವರ ಗತಿ ಬೇರೆ.

ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೧೧೧ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಊತವು ನಿಲ್ಲುವವರೆಗೆ ಔಷಧವನ್ನು ಹೊಂದಿಸುತ್ತಾ ಬಂದರು. ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆ. ಹದಿನೆಂಟು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ ೬೫ ಮಂದಿಯ ರೋಗವು ಉಪಶಮನವಾಗಿತ್ತು. ಎರಡನೆಯದರಲ್ಲಿ ನೂರಕ್ಕೆ ೧೬ ಮಂದಿಯದು ಮಾತ್ರ. ಔಷಧಗಳು ಬಹುಮಟ್ಟಿಗೆ ಹಳೆಯವೇ. ಬೇರೆಯಾಗಿದ್ದುದು ನಿಯಮ ತಪ್ಪದ ಪಾಲನೆ. ನಿಯಮದ ಬೆಲೆಯನ್ನು ವ್ರತಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರೋಗ ಬರುವ ಮೊದಲೇ ತಡೆಯುವ ಯತ್ನವೂ ನಡೆದಿದೆ. ರಕ್ತದಲ್ಲಿ ಪ್ರತಿಕಾಯಗಳಿದ್ದು, ಕೀಲು ನೋಯುತ್ತಿದ್ದು, ಊತ ಇನ್ನೂ ಬಾರದವರಿಗೆ ಅಬಟಾಸೆಪ್ಟ್ ಎಂಬ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದ ಫಲ ೨೦೨೪ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಔಷಧ ಪಡೆದವರಲ್ಲಿ ನೂರಕ್ಕೆ ೬ ಮಂದಿಗೂ, ಪಡೆಯದವರಲ್ಲಿ ನೂರಕ್ಕೆ ೨೯ ಮಂದಿಗೂ ರೋಗ ಬಂದಿತ್ತು. ಔಷಧ ನಿಲ್ಲಿಸಿದ ಮೇಲೆ ಎರಡನೆಯ ವರ್ಷದ ಕೊನೆಗೆ ಈ ಸಂಖ್ಯೆಗಳು ೨೫ ಮತ್ತು ೩೭ ಆದುವು. ಎಂದರೆ ರೋಗವನ್ನು ಮುಂದೂಡುವುದು ಸಾಧ್ಯವಾಗಿದೆ, ಬೇರುಸಹಿತ ಕೀಳುವುದು ಇನ್ನೂ ಸಾಧ್ಯವಾಗಿಲ್ಲ.

೫. ಉಪವಾಸವನ್ನು ಕುರಿತ ಪ್ರಯೋಗಗಳು

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಉಪವಾಸದಿಂದ ಸಂಧಿವಾತ ತಗ್ಗುವುದೇ? ತಗ್ಗುವುದು ನಿಜ. ೧೯೭೯ರಲ್ಲಿ ಸ್ವೀಡನ್ನಿನಲ್ಲಿ ಏಳರಿಂದ ಹತ್ತು ದಿನಗಳ ಉಪವಾಸ ಮಾಡಿಸಿ ನೋಡಿದಾಗ ಕೆಲವರ ನೋವು, ಬಿಗಿತ ಇಳಿದುವು. ಆಹಾರ ಆರಂಭಿಸಿದ ಮೇಲೆ ಬಹುತೇಕ ಮರಳಿದುವು. ನಾರ್ವೆ ದೇಶದ ಜೆನ್ಸ್ ಕೆಲ್ಡ್ಸೆನ್-ಕ್ರಾಗ್ ಮತ್ತು ಅವರ ಸಂಗಡಿಗರು ೧೯೯೧ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಪ್ರಸಿದ್ಧವಾದುದು. ಅದರಲ್ಲಿ ೫೩ ರೋಗಿಗಳಿದ್ದರು. ಅವರಲ್ಲಿ ೨೭ ಮಂದಿ ಏಳರಿಂದ ಹತ್ತು ದಿನ ಉಪವಾಸ ಮಾಡಿ, ಬಳಿಕ ಕೆಲವು ತಿಂಗಳು ಹಾಲು ಹಾಗೂ ಗೋಧಿಯಿಲ್ಲದ ಸಸ್ಯಾಹಾರವನ್ನೂ, ಅನಂತರ ಹಾಲು ಸೇರಿದ ಸಸ್ಯಾಹಾರವನ್ನೂ ಒಂದು ವರ್ಷದವರೆಗೆ ಪಾಲಿಸಿದರು. ಉಳಿದವರು ತಮ್ಮ ರೂಢಿಯ ಆಹಾರದಲ್ಲಿದ್ದರು. ಒಂದು ತಿಂಗಳಲ್ಲೇ ಮೊದಲ ಗುಂಪಿನವರ ಊತ, ನೋವು, ಬೆಳಗಿನ ಬಿಗಿತ ಇಳಿದು ಹಿಡಿತದ ಬಲ ಹೆಚ್ಚಿತು. ವರ್ಷದ ಕೊನೆಯಲ್ಲಿಯೂ ಆ ಪ್ರಯೋಜನ ಕಂಡಿತು.

ಸಸ್ಯಾಹಾರಿಗಳಾದ ನಮಗೆ ಈ ವಾರ್ತೆ ಸಂತೋಷ ತರುವುದು ಸಹಜ. ಆದರೆ ಸಮ್ಯಗ್ಜ್ಞಾನವನ್ನು ಬಯಸುವವರು ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಆ ರೋಗಿಗಳು ಮೊದಲು ರೂಢಿಯಲ್ಲಿ ಮಾಂಸಾಹಾರಿ ಸಮಾಜದವರು. ಆಹಾರದ ಬದಲಾವಣೆಯೇ ಅವರಿಗೆ ದೊಡ್ಡದು. ಹುಟ್ಟಿನಿಂದ ಸಸ್ಯಾಹಾರಿಗಳಾದವರಿಗೂ ಅದೇ ಫಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಎರಡು, ಅಲ್ಲಿನ ಉಪವಾಸವು ತರಕಾರಿಯ ಸಾರು, ರಸ, ಕಷಾಯಗಳನ್ನೊಳಗೊಂಡು ವೈದ್ಯರ ಕಣ್ಣೆದುರು ನಡೆದುದು; ನಮ್ಮ ನಿರ್ಜಲ ಉಪವಾಸದಂತಹುದಲ್ಲ. ಮೂರು, ಇತ್ತೀಚೆಗೆ ಜರ್ಮನಿಯ ಬರ್ಲಿನ್ನಿನಲ್ಲಿ ಏಳು ದಿನದ ಉಪವಾಸ ಮತ್ತು ಸಸ್ಯಾಹಾರವನ್ನು, ಉಪವಾಸವಿಲ್ಲದ ಹಿತಮಿತ ಆಹಾರದೊಡನೆ ಹೋಲಿಸಿ ನೋಡಿದಾಗ, ಹನ್ನೆರಡು ವಾರಗಳ ಕೊನೆಗೆ ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತೇ ಹೊರತು ಅವುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಆದುದರಿಂದ ಉಪವಾಸದಿಂದ ದೊರೆಯುವ ನೋವಿನ ಉಪಶಮನ ಸತ್ಯವಾದರೂ ತಾತ್ಕಾಲಿಕ. ನೋವು ತಗ್ಗಿದೊಡನೆ ಔಷಧ ಬಿಟ್ಟರೆ, ಒಳಗೆ ಉರಿಯೂತವು ಮರಳಿ ಮೂಳೆಯನ್ನು ಕೊರೆಯುವ ಕೆಲಸ ಮುಂದುವರಿಯುತ್ತದೆ. ನೋವಿಲ್ಲದಿರುವುದು ರೋಗವಿಲ್ಲದಿರುವುದಕ್ಕೆ ಪ್ರಮಾಣವಲ್ಲ.

೬. ವ್ರತಕಾಲದಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳು

ಪ್ರೆಡ್ನಿಸೊಲೋನ್ ಮುಂತಾದ ಸ್ಟಿರಾಯ್ಡ್ ಗುಳಿಗೆಗಳನ್ನು ಕೆಲವು ವಾರಗಳಿಗೂ ಮೀರಿ ಸೇವಿಸಿದವರ ಶರೀರವು ತನ್ನದೇ ಸ್ಟಿರಾಯ್ಡನ್ನು ಉತ್ಪಾದಿಸುವುದನ್ನು ಕಡಿಮೆ ಮಾಡಿರುತ್ತದೆ. ಅಂತಹವರು ಒಮ್ಮೆಲೇ ನಿಲ್ಲಿಸಿದರೆ ತೀವ್ರ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತವುಂಟಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಇದನ್ನು ಒಂದು ದಿನದ ಮಟ್ಟಿಗೂ ಸ್ವಂತ ಇಚ್ಛೆಯಿಂದ ಬಿಡಬಾರದು.

ನೋವಿನ ಮಾತ್ರೆಗಳನ್ನು ಬರಿಯ ಹೊಟ್ಟೆಯಲ್ಲಿ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು. ನೀರನ್ನೂ ತ್ಯಜಿಸಿದಾಗ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ಅದನ್ನು ತಪ್ಪಾಗಿ ಪ್ರತಿದಿನ ಸೇವಿಸಿ ಪ್ರಾಣಾಪಾಯಕ್ಕೆ ಒಳಗಾದವರುಂಟು; ಆದುದರಿಂದ ವಾರದ ಹೆಸರನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಬೇಕು. ಈ ಔಷಧವು ಮೂತ್ರದ ಮೂಲಕ ಹೊರಹೋಗುವುದರಿಂದ, ಅದನ್ನು ಸೇವಿಸುವ ದಿನವೂ ಮಾರನೆಯ ದಿನವೂ ನಿರ್ಜಲವಾಗಿರುವುದು ಹಿತವಲ್ಲ. ಅಷ್ಟಮಿ, ಚತುರ್ದಶಿಗಳು ತಿಥಿಯನ್ನು ಅನುಸರಿಸುವುದರಿಂದ ಒಮ್ಮೊಮ್ಮೆ ಔಷಧದ ವಾರವೂ ಉಪವಾಸದ ದಿನವೂ ಕೂಡಿಬರುತ್ತವೆ. ಆಗ ವೈದ್ಯರನ್ನು ಕೇಳಿ ಒಂದು ದಿನ ಹಿಂದುಮುಂದು ಮಾಡಿಕೊಳ್ಳಬಹುದು. ಆದರೆ ತಪ್ಪಿದ ಗುಳಿಗೆಯನ್ನು ಮುಂದಿನ ವಾರಕ್ಕೆ ಸೇರಿಸಿ ಎರಡು ಪಟ್ಟು ಸೇವಿಸಬಾರದು. ಇದರೊಡನೆ ಕೊಡುವ ಫೋಲಿಕ್ ಆಮ್ಲವನ್ನು ಮರೆಯಬಾರದು. ಯಕೃತ್ತು ಮತ್ತು ರಕ್ತದ ಪರೀಕ್ಷೆಗಳನ್ನು ಆಗಾಗ್ಗೆ ಮಾಡಿಸಬೇಕು. ಗರ್ಭಿಣಿಯರೂ ಗರ್ಭಧಾರಣೆಯನ್ನು ಬಯಸುವವರೂ ಇದನ್ನು ಸೇವಿಸಲೇಬಾರದು.

ಗೌಟ್ ಇರುವವರು ತಿಳಿಯಬೇಕಾದ ಸಂಗತಿ ಇನ್ನೊಂದು. ದೀರ್ಘ ಉಪವಾಸದಲ್ಲಿ ಕೊಬ್ಬು ಕರಗಿ ರಕ್ತದಲ್ಲಿ ಸೇರುವ ಆಮ್ಲಗಳು ಯೂರಿಕ್ ಆಮ್ಲವು ಮೂತ್ರದಲ್ಲಿ ಹೊರಹೋಗದಂತೆ ತಡೆಯುತ್ತವೆ. ಆದುದರಿಂದ ರುಮಟಾಯ್ಡ್ ಸಂಧಿವಾತವು ಇಳಿಯುವ ಅದೇ ಉಪವಾಸದಲ್ಲಿ ಗೌಟ್ ಉಲ್ಬಣಿಸಬಹುದು.

ಸೂರ್ಯಾಸ್ತದ ಮೇಲೆ ಏನನ್ನೂ ಸೇವಿಸದವರು ಆ ನಿಯಮವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ದಿನಕ್ಕೆ ಎರಡು ಬಾರಿಯ ಔಷಧಕ್ಕೆ ಬದಲಾಗಿ ಒಂದೇ ಬಾರಿಯದು ದೊರೆಯಬಹುದು. ಮೆಥೊಟ್ರೆಕ್ಸೇಟ್ ಚುಚ್ಚುಮದ್ದಿನ ರೂಪದಲ್ಲಿಯೂ ಇದೆ. ಹೇಳಿದರೆ ದಾರಿ ದೊರೆಯುತ್ತದೆ. ಮುಚ್ಚಿಟ್ಟು ಗುಳಿಗೆ ಬಿಟ್ಟರೆ ವೈದ್ಯರು ಔಷಧವೇ ನಾಟಲಿಲ್ಲವೆಂದು ಭಾವಿಸಿ ಇನ್ನೂ ಉಗ್ರವಾದುದನ್ನು ಬರೆಯುತ್ತಾರೆ.

ಆಹಾರದ ವಿಷಯದಲ್ಲಿ ಎರಡು ಮಾತು. ಸಸ್ಯಾಹಾರಿಗಳಲ್ಲಿ ಬಿ-೧೨ ಜೀವಸತ್ವದ ಕೊರತೆ ಸಾಮಾನ್ಯ. ಅದರಿಂದಲೂ ಕೈಕಾಲು ಜೋಮು ಹಿಡಿಯುತ್ತದೆ. ಆದುದರಿಂದ ಅದನ್ನು ಪರೀಕ್ಷಿಸಿಕೊಳ್ಳಬೇಕು. ಸ್ಟಿರಾಯ್ಡ್ ಸೇವಿಸುವವರ ಮೂಳೆಗೆ ಸುಣ್ಣದ ಅಂಶವು ಅವಶ್ಯ. ನಮ್ಮ ನಾಡಿನ ರಾಗಿಯಲ್ಲಿ ಅದು ಇತರ ಧಾನ್ಯಗಳಿಗಿಂತ ಬಹಳ ಹೆಚ್ಚು. ಹಾಲು, ಎಳ್ಳುಗಳಲ್ಲಿಯೂ ಇದೆ.

೭. ಶಕ್ತಿಗೆ ತಕ್ಕ ತಪಸ್ಸು

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೂ ಒಂದೆಂಬುದನ್ನು ವಾಚಕರು ಬಲ್ಲರು. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ಆಚರಿಸುವುದೇ ಅದರ ಭಾವ. ಬಾಹ್ಯ ತಪಸ್ಸುಗಳಾರರಲ್ಲಿ ಅನಶನವು ಒಂದು ಮಾತ್ರ. ಅವಮೌದರ್ಯ, ರಸಪರಿತ್ಯಾಗಾದಿಗಳೂ ತಪಸ್ಸುಗಳೇ. ಅನಶನವನ್ನು ಸಹಿಸಲಾಗದ ರೋಗಿಯು ಹಸಿವಿಗಿಂತ ಒಂದು ತುತ್ತು ಕಡಿಮೆ ಉಂಡು, ತುಪ್ಪವನ್ನೋ ಸಿಹಿಯನ್ನೋ ತ್ಯಜಿಸಿ, ಸ್ವಾಧ್ಯಾಯದಲ್ಲಿ ಮನಸ್ಸನ್ನಿಟ್ಟು ಪರ್ವವನ್ನು ಸಾರ್ಥಕಗೊಳಿಸಬಹುದು. ಸಂಕಲ್ಪವನ್ನು ಮಾಡಿದ ಮೇಲೆ ಮುರಿಯುವುದಕ್ಕಿಂತ, ಮಾಡುವ ಮೊದಲೇ ವೈದ್ಯರನ್ನೂ ಗುರುಗಳನ್ನೂ ಕೇಳಿ ತಕ್ಕ ನಿಯಮವನ್ನು ಆರಿಸಿಕೊಳ್ಳುವುದು ಮೇಲು. ಪರ್ವಕ್ಕೆ ಒಂದು ತಿಂಗಳ ಮುಂಚೆಯೇ ಇದನ್ನು ಮಾಡಿದರೆ ಔಷಧದ ಕಾಲವನ್ನು ಹೊಂದಿಸಲು ಅವಕಾಶವಿರುತ್ತದೆ.

ಔಷಧವನ್ನು ಕೀಳಾಗಿ ಕಾಣುವುದು ನಮ್ಮ ಪರಂಪರೆಯಲ್ಲ. ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಎಣಿಸಿದ ಪರಂಪರೆಯಿದು. ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿ, ಮಾಂಸವಿಲ್ಲದೆ ಚಿಕಿತ್ಸೆ ನಡೆಸುವ ಮಾರ್ಗವನ್ನು ತೋರಿದರು.

ಕೊನೆಯದಾಗಿ, ಮನೆಯ ಉಳಿದವರಿಗೆ ಒಂದು ಮಾತು. ಈ ರೋಗ ಹೆಚ್ಚಾಗಿ ಬರುವುದು ಸ್ತ್ರೀಯರಿಗೆ. ಬೆಳಿಗ್ಗೆ ಎದ್ದು ಬಿಂದಿಗೆ ಎತ್ತುವ, ಹಿಟ್ಟು ನಾದುವ ಕೈಗಳಿಗೆ. ಬೆಳಗಿನ ಬಿಗಿತವನ್ನು ಸೋಮಾರಿತನವೆಂದು ಬಗೆದು ತಿಂಗಳುಗಟ್ಟಲೆ ಕಳೆದರೆ, ಚಿಕಿತ್ಸೆಗೆ ಅತ್ಯಂತ ಫಲವತ್ತಾದ ಕಾಲವೇ ಕಳೆದುಹೋಗುತ್ತದೆ. ತಾಯಿ, ಸೊಸೆ, ಮಗಳು ಯಾರೇ ಆಗಲಿ, ಬೆರಳ ಗೆಣ್ಣುಗಳು ಆರು ವಾರಕ್ಕೂ ಮೀರಿ ಊದಿಕೊಂಡಿದ್ದರೆ, ಪರ್ವ ಕಳೆಯಲೆಂದು ಕಾಯದೆ ಪರಿಣತ ವೈದ್ಯರ ಬಳಿಗೆ ಕರೆದೊಯ್ಯಬೇಕು. ವಾರದ ಗುಳಿಗೆಯನ್ನು ನೆನಪಿಟ್ಟು ಕೊಡಬೇಕು. ಬೆಳಗಿನ ಕೆಲಸವನ್ನು ಹಂಚಿಕೊಳ್ಳಬೇಕು. ರೋಗಪೀಡಿತರ ಸೇವೆಯನ್ನು ‘ವೈಯಾವೃತ್ತ್ಯ’ವೆಂದು ಕರೆದು ಆಚಾರ್ಯರು ಅಂತರಂಗ ತಪಸ್ಸುಗಳಲ್ಲಿ ಸೇರಿಸಿದ್ದಾರೆ. ಉಪವಾಸ ಮಾಡಲಾಗದ ಒಬ್ಬರಿರುವ ಮನೆಯಲ್ಲಿ ಉಳಿದವರೆಲ್ಲರಿಗೂ ಆಚರಿಸಲು ಒದಗಿರುವ ತಪಸ್ಸು ಇದೇ.